ಮುಂಗಡ ಕಾದಿರಿಸಿದ ಊಟವೂ ಭೋಗೋಪಭೋಗ ಪರಿಮಾಣವೂ

ಒಮ್ಮೆ ಅನುಭವಿಸಿ ಬಿಟ್ಟುಬಿಡತಕ್ಕದ್ದು ಭೋಗ. ಮತ್ತೆ ಮತ್ತೆ ಅನುಭವಕ್ಕೆ ಬರುವುದು ಉಪಭೋಗ. ಅನ್ನಪಾನಗಳು ಮೊದಲನೆಯದಕ್ಕೂ, ವಸ್ತ್ರಾಭರಣಗಳು ಎರಡನೆಯದಕ್ಕೂ ಉದಾಹರಣೆಗಳೆಂಬುದನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಆದರೆ ಎರಡು ತಿಂಗಳ ಅನಂತರ ಎದುರಿಗೆ ಬರಲಿರುವ ಊಟವೊಂದನ್ನು ಇಂದೇ ಆರಿಸಿ, ಅದರ ಸ್ಥಳವನ್ನೂ ಗಳಿಗೆಯನ್ನೂ ಗೊತ್ತುಮಾಡಿ, ಅಂದಿನಿಂದ ಪ್ರತಿದಿನವೂ ಅದರ ಸವಿಯನ್ನು ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದರೆ ಅದನ್ನು ಯಾವ ವರ್ಗಕ್ಕೆ ಸೇರಿಸಬೇಕು? ತಟ್ಟೆಗೆ ಅದು ಬರುವುದು ಒಂದೇ ಸಲ. ಮನಸ್ಸಿಗೆ ಬರುವುದು 60 ಸಲ. ಭೋಗವು ತಾನಾಗಿಯೇ ಉಪಭೋಗವಾಗಿ ಮಾರ್ಪಡುವ ಈ ವಿಚಿತ್ರವು ವಿಚಾರಯೋಗ್ಯವಾಗಿದೆ.

ಇದು ಕೇವಲ ತರ್ಕದ ವಿನೋದವಲ್ಲ. ಕರ್ನಾಟಕದ ಜೈನ ಮನೆತನಗಳ ಮಕ್ಕಳಲ್ಲಿ ಹಲವರು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ವೃದ್ಧ ತಂದೆತಾಯಿಗಳು ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರುತ್ತಾರೆ. ಹಾಗೆ ಹೋದವರನ್ನು ಮಕ್ಕಳು ಮೊಮ್ಮಕ್ಕಳೊಡನೆ ಕರೆದೊಯ್ಯುವ ಸ್ಥಳಗಳಲ್ಲಿ ಫ್ಲಾರಿಡಾ ಸಂಸ್ಥಾನದ ಒರ್ಲಾಂಡೊ ನಗರದ ಸಮೀಪವಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಒಂದು. 1971ನೆಯ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಎಂಬ ಒಂದೇ ವಿಹಾರೋದ್ಯಾನದೊಡನೆ ತೆರೆದ ಆ ಸ್ಥಳಕ್ಕೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎನ್ನಿಸಿಕೊಳ್ಳುವ ಉದ್ಯಾನ, 1998ರಲ್ಲಿ ಅನಿಮಲ್ ಕಿಂಗ್‌ಡಮ್ ಸೇರಿಕೊಂಡವು. ಅಲ್ಲಿ ಊಟವೂ ಒಂದು ಆಟವೇ. ಸಿಂಡರೆಲ್ಲಾ ಅರಮನೆಯ ಒಳಗೆ ಕುಳಿತು ರಾಜಕುಮಾರಿಯರ ವೇಷಧಾರಿಗಳನ್ನು ಕಾಣುತ್ತ ಉಣ್ಣಬಹುದು; ಕಾಂಟೆಂಪರರಿ ಎಂಬ ವಸತಿಗೃಹದ 15ನೆಯ ಅಂತಸ್ತಿನ ಕ್ಯಾಲಿಫೋರ್ನಿಯಾ ಗ್ರಿಲ್‌ನಿಂದ ರಾತ್ರಿಯ ಬಾಣಬಿರುಸುಗಳನ್ನು ನೋಡುತ್ತ ಉಣ್ಣಬಹುದು; ಸನಾ ಎಂಬಲ್ಲಿ ಕಿಟಕಿಯಾಚೆ ಜಿರಾಫೆಗಳು ಮೇಯುತ್ತಿರಲು ನಾನ್ ರೊಟ್ಟಿಯನ್ನು ಚಟ್ನಿ ಉಪ್ಪಿನಕಾಯಿಗಳೊಡನೆ ತಿನ್ನಬಹುದು. ಇಂತಹ ಮೇಜುಗಳು ಹೋದ ಕೂಡಲೇ ದೊರೆಯುವುದು ಅಪರೂಪ. 60 ದಿನ ಮೊದಲೇ ಕಾದಿರಿಸಬೇಕು. ಬೇಡಿಕೆ ಹೆಚ್ಚಿದ್ದವು ಬಾಗಿಲು ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುವುದರಿಂದ ಗೃಹಿಣಿಯರು ಬೆಳಗಿನ ಜಾವಕ್ಕೆ ಎದ್ದು ಕಂಪ್ಯೂಟರಿನ ಮುಂದೆ ಕೂಡುತ್ತಾರೆ. ಆ ಹೊತ್ತಿಗೆ ಎದ್ದು ಸಾಮಾಯಿಕಕ್ಕೆ ಕೂಡುವವರು ಎಷ್ಟು ಮಂದಿ ಎಂಬುದು ಬೇರೆಯ ಮಾತು.

2020ರಲ್ಲಿ ಮಹಾಮಾರಿಯ ನಿಮಿತ್ತ ಉದ್ಯಾನಗಳು ಮುಚ್ಚುವುದಕ್ಕೆ ಮೊದಲು ಈ ಅವಧಿ 180 ದಿನಗಳಷ್ಟಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳ ತ್ಯಾಗವನ್ನು ಯಾವಜ್ಜೀವದ ಯಮವೆಂದೂ ಕಾಲಮಿತಿಯುಳ್ಳ ನಿಯಮವೆಂದೂ ಎರಡಾಗಿ ವಿಂಗಡಿಸಿ, ನಿಯಮದ ಅವಧಿಗಳನ್ನು ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನಗಳೆಂದು ಎಣಿಸಿದ್ದಾರೆ. 180 ದಿನಗಳೆಂದರೆ ಹೆಚ್ಚುಕಡಿಮೆ ಒಂದು ಅಯನ. 60 ದಿನಗಳೆಂದರೆ ಒಂದು ಋತು. ಶ್ರಾವಕನು ಯಾವ ಅಳತೆಗೋಲಿನಿಂದ ತ್ಯಾಗವನ್ನು ಅಳೆಯುತ್ತಿದ್ದನೋ ಅದರಿಂದಲೇ ಇಲ್ಲಿ ಭೋಗವನ್ನು ಅಳೆಯಲಾಗಿದೆ. ಕಾಕತಾಳೀಯವೇ ಸರಿ. ಆದರೂ ಆಚಾರ್ಯರು ಈ ವ್ರತಕ್ಕೆ ಹೇಳಿರುವ ಐದು ಅತೀಚಾರಗಳ ಪಟ್ಟಿಯನ್ನು ನೋಡಿದರೆ ಬೆರಗಾಗುತ್ತದೆ. ವಿಷಯವೆಂಬ ವಿಷದಲ್ಲಿ ಅನಾದರವಿಲ್ಲದಿರುವುದು, ಹಿಂದೆ ಉಂಡದ್ದನ್ನು ನೆನೆಯುತ್ತಿರುವ ಅನುಸ್ಮೃತಿ, ಅತಿಲೌಲ್ಯ, ಮುಂದೆ ದೊರೆಯಲಿರುವುದಕ್ಕಾಗಿ ಹಾತೊರೆಯುವ ಅತಿತೃಷೆ, ಅತಿಯಾದ ಅನುಭವ. ಇವುಗಳಲ್ಲಿ ಬಾಯಿಗೆ ಸಂಬಂಧಿಸಿದ್ದು ಎಷ್ಟು? ಬಹುಪಾಲು ಮನಸ್ಸಿನವೇ. ತಿಂದದ್ದು ಪರಿಮಾಣದೊಳಗೇ ಇದ್ದರೂ ತಿನ್ನುವ ಮುನ್ನ ಪಟ್ಟ ಆಸೆಯಿಂದ ವ್ರತಕ್ಕೆ ಮಲಿನತೆ ಬರುತ್ತದೆಂದು ಅವರು ಬಹು ಹಿಂದೆಯೇ ಗುರುತಿಸಿದ್ದರು.

ಹಾಗಾದರೆ ಮುಂಗಡ ಯೋಜನೆಯೇ ದೋಷವೆನ್ನಬೇಕೇ? ಅಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ವ್ರತವಿಲ್ಲದವನು ಹಸಿವಾದಾಗ ಎದುರಿಗೆ ಕಂಡದ್ದನ್ನು ತಿಂದಾನು. ವ್ರತವುಳ್ಳವನಿಗೆ ಮುಂದಾಲೋಚನೆಯಿಲ್ಲದಿದ್ದರೆ ವ್ರತಭಂಗ, ಇಲ್ಲವೇ ಆರ್ತಧ್ಯಾನ. ಡಿಸೆಂಬರಿನ ಕಡೆಯ ವಾರದಲ್ಲಿ, ಶಾಲೆಗಳಿಗೆ ರಜವಿದ್ದು ಜನಸಂದಣಿ ಅತ್ಯಧಿಕವಾಗಿರುವಾಗ, ಒರ್ಲಾಂಡೊದಲ್ಲಿ ಸೂರ್ಯನು ಸಂಜೆ ಸುಮಾರು 5 ಗಂಟೆ 35 ನಿಮಿಷಕ್ಕೆ ಮುಳುಗುತ್ತಾನೆ. ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಬಾಯಿ ತೊಳೆಯುವ ಪದ್ಧತಿಯುಳ್ಳವರಿಗೆ 4 ಗಂಟೆ 47 ನಿಮಿಷಕ್ಕೇ ದಿನದ ಆಹಾರ ಮುಗಿಯಿತು. ಜೂನ್ ತಿಂಗಳಿನಲ್ಲಾದರೆ ಅದೇ ಊರಿನಲ್ಲಿ ಸೂರ್ಯಾಸ್ತ 8 ಗಂಟೆ 25ರ ಸುಮಾರಿಗೆ. ಆಗ ಯಾವ ತೊಡಕೂ ಇಲ್ಲ. ಈ ಲೆಕ್ಕವನ್ನು ಮನೆಯಲ್ಲಿಯೇ ಹಾಕದೆ ಹೋದ ವ್ರತಿಕನ ಪಾಡು ಊಹೆಗೆ ನಿಲುಕುವಂತಹದು.

ಪದಾರ್ಥಗಳ ವಿಷಯವೂ ಹೀಗೆಯೇ. ಅಲ್ಲಿಯ ಆಹಾರಪಟ್ಟಿಗಳಲ್ಲಿ 2019ರಿಂದ ಒಂದು ಎಲೆಯ ಗುರುತು ಕಾಣುತ್ತದೆ. ಮಾಂಸ, ಹಾಲು, ಮೊಟ್ಟೆ, ಜೇನುತುಪ್ಪ ಇವುಗಳಿಲ್ಲದ ಪದಾರ್ಥವೆಂದು ಅದರ ಅರ್ಥ. ಜೈನಮತವನ್ನು ತಿಳಿಯದವರು ಇಟ್ಟ ಗುರುತಿನಲ್ಲಿ ಮಧುತ್ಯಾಗವೂ ಸೇರಿಹೋಗಿರುವುದು ಸಂತೋಷದ ಸಂಗತಿ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗೆಣಸುಗಳಿಗೆ ಆ ಎಲೆ ಅಡ್ಡಬಾರದು. ಮದ್ಯದ ಮಾತೂ ಒಂದಿದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸಾರ್ವಜನಿಕ ಭೋಜನಶಾಲೆಗಳು 2012ರವರೆಗೂ ಮದ್ಯವನ್ನು ಬಡಿಸುತ್ತಿರಲಿಲ್ಲ. ಆ ವರ್ಷ ಒಂದು ಭೋಜನಶಾಲೆಯಲ್ಲಿ ಆರಂಭವಾದದ್ದು ಬಳಿಕ ಬೇರೆ ಮೇಜುಗಳಿಗೂ ಹಬ್ಬಿತು. ಇವೆಲ್ಲವನ್ನೂ ತಿಳಿದು ಆರಿಸುವುದು ಲೌಲ್ಯವಲ್ಲ, ಯತ್ನಾಚಾರವೇ.

ಇಲ್ಲಿ ಒಂದು ಸೂಕ್ಷ್ಮ ಪ್ರಸಂಗ ಬರುತ್ತದೆ. ಮೇಜನ್ನು ಕಾದಿರಿಸುವಾಗ ಅಲರ್ಜಿ ಇದೆಯೇ ಎಂದು ಕೇಳುತ್ತಾರೆ. ಇದೆಯೆಂದರೆ ಅಡುಗೆಯ ಮುಖ್ಯಸ್ಥನೇ ಬಂದು ವಿಚಾರಿಸುವುದುಂಟು. ಈರುಳ್ಳಿ ಬೆಳ್ಳುಳ್ಳಿ ಒಗ್ಗುವುದಿಲ್ಲ, ಅಲರ್ಜಿ ಎಂದುಬಿಟ್ಟರೆ ಕೆಲಸ ಸುಗಮ. ಧರ್ಮ, ವ್ರತ ಎಂದರೆ ಅಷ್ಟು ಲಕ್ಷ್ಯ ಕೊಡಲಿಕ್ಕಿಲ್ಲ ಎಂದು ಹೀಗೆ ಹೇಳುವವರು ಇದ್ದಾರೆ. ಒಂದು ವ್ರತದ ರಕ್ಷಣೆಗಾಗಿ ಸತ್ಯಾಣುವ್ರತವನ್ನು ಒತ್ತೆಯಿಡುವ ಈ ವ್ಯಾಪಾರ ನಷ್ಟದ್ದೇ. ಅಷ್ಟೇ ಅಲ್ಲ, ಅನ್ನದಿಂದಲೇ ಪ್ರಾಣಾಪಾಯವುಳ್ಳ ಮಕ್ಕಳಿಗಾಗಿ ಏರ್ಪಟ್ಟ ಎಚ್ಚರಿಕೆಯನ್ನು ಸುಳ್ಳು ಹೇಳಿ ಬಳಸಿಕೊಂಡಂತಾಯಿತು. ನಾವು ಜೈನರು, ಇವನ್ನು ತಿನ್ನುವುದಿಲ್ಲ ಎಂದು ನೇರವಾಗಿ ಹೇಳಿ, ದೊರೆತಷ್ಟನ್ನು ಉಂಡು ಏಳುವುದರಲ್ಲಿ ಏನು ಕೊರತೆ?

ಇನ್ನು ಒಂದೇ ಬೆಲೆಗೆ ಬೇಕಾದಷ್ಟು ತಿನ್ನಬಹುದಾದ ಭೋಜನಶಾಲೆಗಳು. ಇಲ್ಲಿ ಹಸಿವು ತೀರಿದ ಮೇಲೂ ಕೊಟ್ಟ ಹಣ ತೀರುವುದಿಲ್ಲ. ಹೊಟ್ಟೆ ಸಾಕೆಂದರೂ ಲೆಕ್ಕವು ಇನ್ನಷ್ಟು ಎನ್ನುತ್ತದೆ. ಅವಮೌದರ್ಯವನ್ನು ಅಭ್ಯಾಸಮಾಡಬೇಕೆನ್ನುವವನು ಆ ಬಾಗಿಲನ್ನು ಹೊಗದಿರುವುದೇ ಲೇಸು. ಹಾಗೆಯೇ, ಕಾದಿರಿಸಿಯೂ ಹೋಗದವರಿಗೆ ಅನೇಕ ಕಡೆ ತಲೆಯೊಂದಕ್ಕೆ 10 ಡಾಲರ್ ದಂಡವಿದೆ. ಮಗುವಿಗೆ ಹಸಿವಿಲ್ಲ, ಹಿರಿಯರಿಗೆ ಆಯಾಸ, ಆದರೂ ದಂಡ ತಪ್ಪಬೇಕೆಂದು ಎಲ್ಲರೂ ಹೋಗಿ ಉಣ್ಣುತ್ತಾರೆ. ಎರಡು ತಿಂಗಳ ಹಿಂದಿನ ಆಸೆಯೊಂದು ಯಜಮಾನನಾಗಿ ಕುಳಿತು ಇಂದಿನ ದೇಹಕ್ಕೆ ಅಪ್ಪಣೆ ಕೊಡುತ್ತದೆ. ಮೊದಲೇ ಮಾಡಿದ ಸಂಕಲ್ಪಕ್ಕೆ ಬದ್ಧನಾಗಿರುವುದು ವ್ರತದಲ್ಲಿಯೂ ಇದೆ, ಇಲ್ಲಿಯೂ ಇದೆ. ಎರಡರಲ್ಲಿಯೂ ತಪ್ಪಿದರೆ ಪ್ರಾಯಶ್ಚಿತ್ತವಿದೆ. ಭೇದವೆಲ್ಲಿ?

ಮುನಿಗಳ ಆಹಾರಚರ್ಯೆಯನ್ನು ಕಂಡವರಿಗೆ ಉತ್ತರ ಹೊಳೆಯದಿರದು. ಬಾಹ್ಯತಪಗಳಲ್ಲಿ ಮೂರನೆಯದಾದ ವೃತ್ತಿಪರಿಸಂಖ್ಯಾನವೂ ಒಂದು ಬಗೆಯ ಮುಂಗಡ ನಿರ್ಣಯವೇ. ಇಂತಹ ಬೀದಿಯಲ್ಲಿ, ಇಂತಹ ವಸ್ತುವನ್ನು ಹಿಡಿದು ಪಡಗಾಹನ ಮಾಡುವವರಿದ್ದರೆ ಮಾತ್ರ ಆಹಾರ ಎಂದು ಮುನಿಗಳು ಮನಸ್ಸಿನಲ್ಲಿಯೇ ವಿಧಿಯನ್ನು ಕಟ್ಟಿಕೊಂಡು ಹೊರಡುತ್ತಾರೆ, ಯಾರಿಗೂ ತಿಳಿಸುವುದಿಲ್ಲ. ವಿಧಿ ಕೂಡಿಬಂದರೆ ನಿಂತು, ಕರಪಾತ್ರೆಯಲ್ಲಿ, ದಿನಕ್ಕೊಮ್ಮೆ. ಕೂಡಿಬಾರದಿದ್ದರೆ ಅದೇ ಮುಖಮುದ್ರೆಯಿಂದ ಹಿಂದಿರುಗುತ್ತಾರೆ. ಭೋಜನಶಾಲೆಯ ಕಾದಿರಿಸುವಿಕೆ ಊಟವನ್ನು ನಿಶ್ಚಯಗೊಳಿಸುವುದಕ್ಕೆ. ಮುನಿಯ ವಿಧಿ ಊಟವನ್ನು ಅನಿಶ್ಚಯಗೊಳಿಸುವುದಕ್ಕೆ. ಗೃಹಸ್ಥನು ಇವೆರಡರ ನಡುವೆ ಎಲ್ಲಿಯೋ ನಿಂತಿದ್ದಾನೆ. ಅವನು ನಿಶ್ಚಯವನ್ನು ಬಯಸಿದರೆ ಅಪರಾಧವಲ್ಲ. ಸಿಗದಿದ್ದಾಗ ಅವನ ಮುಖ ಹೇಗಿರುತ್ತದೆಂಬುದನ್ನು ಮಾತ್ರ ಮನೆಯ ಮಕ್ಕಳು ನೋಡುತ್ತಿರುತ್ತಾರೆ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಊರಿನಿಂದ ಬಂದ ಅಜ್ಜ ಅಜ್ಜಿ, ನ್ಯೂಜೆರ್ಸಿಯಲ್ಲಿರುವ ಮಗ ಸೊಸೆ, ಒಂಬತ್ತು ವರ್ಷದ ಮೊಮ್ಮಗ, ಆರು ವರ್ಷದ ಮೊಮ್ಮಗಳು. ಅಜ್ಜನಿಗೆ ರಾತ್ರಿ ಚತುರ್ವಿಧಾಹಾರ ತ್ಯಾಗ, ನೀರೂ ಇಲ್ಲ. ಡಿಸೆಂಬರಿನ ಪ್ರವಾಸಕ್ಕಾಗಿ ಅಕ್ಟೋಬರಿನ ಕೊನೆಯಲ್ಲಿ ಮೇಜುಗಳನ್ನು ಆರಿಸಲು ಎಲ್ಲರೂ ಕುಳಿತಿದ್ದಾರೆ. ಮೊಮ್ಮಗಳಿಗೆ ಅರಮನೆಯೊಳಗಿನ ಊಟ. ಮೊಮ್ಮಗನಿಗೆ ಎತ್ತರದ ಅಂತಸ್ತಿನಿಂದ ಬಾಣಬಿರುಸು ನೋಡುತ್ತ ಉಣ್ಣುವ ಆಸೆ. ಬಾಣಬಿರುಸು ಕತ್ತಲಾದ ಮೇಲೆಯೇ.

ಮಗನು, "ಅಪ್ಪ ಉಪವಾಸ ಕುಳಿತಿರುವಾಗ ನಾವು ಉಣ್ಣುವುದು ಹೇಗೆ? ಅದೊಂದನ್ನು ಬಿಟ್ಟುಬಿಡೋಣ" ಎಂದನು. ಹುಡುಗನ ಮುಖ ಬಾಡಿತು.

"ಬಿಡುವುದಾದರೆ ನಿನ್ನ ಸಲುವಾಗಿ ಬಿಡು, ನನ್ನ ಹೆಸರು ಹೇಳಿ ಬಿಡಬೇಡ" ಎಂದರು ಅಜ್ಜ. "ಇಂದು ಅವನ ಊಟ ತಪ್ಪಿದ್ದು ನನ್ನ ನಿಯಮದಿಂದ ಎಂದಾದರೆ, ನಾಳೆ ಅವನಿಗೆ ನಿಯಮ ಎಂಬ ಶಬ್ದವೇ ಕಹಿಯಾದೀತು."

"ಹಾಗಾದರೆ ನೀವೂ ಬಂದು ಜೊತೆಗೆ ಕೂತಿರಿ ಮಾವ" ಎಂದಳು ಸೊಸೆ. ಅಜ್ಜ ಕೂಡಲೇ ಉತ್ತರಿಸಲಿಲ್ಲ.

ಅವರ ಮೌನಕ್ಕೆ ಕಾರಣವಿತ್ತು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದ್ವಾರಗಳಿಂದಲೂ ಕರ್ಮವು ಆಸ್ರವಿಸುತ್ತದೆ. ರಾತ್ರಿ ಉಣ್ಣುವ ಮೇಜಿನಲ್ಲಿ ನಗುಮುಖದಿಂದ ಕುಳಿತರೆ ಅದು ಅನುಮೋದನೆಯಾಗದೇ? ಕುಳಿತುಕೊಳ್ಳದಿದ್ದರೆ ಮಕ್ಕಳಿಗೆ ಅದು ಧಿಕ್ಕಾರವೆನಿಸದೇ? ಪ್ರತಿಮೆಗಳ ಕ್ರಮದಲ್ಲಿ ರಾತ್ರಿಭುಕ್ತಿ ತ್ಯಾಗವು ಆರನೆಯದು, ಅನುಮತಿ ತ್ಯಾಗವು ಹತ್ತನೆಯದು. ಮನೆಯವರ ವ್ಯವಹಾರಗಳಿಂದ ಮನಸ್ಸನ್ನು ಪೂರ್ಣವಾಗಿ ಹಿಂತೆಗೆದುಕೊಳ್ಳುವುದು ಬಹು ಎತ್ತರದ ಮೆಟ್ಟಿಲೆಂದು ಆಚಾರ್ಯರು ಅರಿತಿದ್ದರು. ಮನೆಯಲ್ಲಿದ್ದುಕೊಂಡು ಮೊದಲ ಮೆಟ್ಟಿಲುಗಳಲ್ಲಿರುವ ಶ್ರಾವಕನಿಂದ ಅದನ್ನು ಅವರು ಕೇಳಲಿಲ್ಲ. ಆದುದರಿಂದ ಜೊತೆಗೆ ಕುಳಿತ ಮಾತ್ರಕ್ಕೆ ಅಜ್ಜನ ವ್ರತ ಕೆಡದು. ಆದರೆ ಅವರ ಆತಂಕವನ್ನು ಅತಿಯಾದ ಮಡಿವಂತಿಕೆಯೆಂದು ತಳ್ಳಿಹಾಕುವುದೂ ಸರಿಯಲ್ಲ. ಮೊಮ್ಮಗನ ತಟ್ಟೆಯನ್ನು ನೋಡುತ್ತ ಒಳಗೊಳಗೇ ಸಂತೋಷಪಡುವುದೂ, ಮೊಮ್ಮಗನನ್ನು ನೋಡುತ್ತ ಸಂತೋಷಪಡುವುದೂ ಹೊರನೋಟಕ್ಕೆ ಒಂದೇ. ಒಳಗಿನ ವ್ಯತ್ಯಾಸವನ್ನು ಅವರೊಬ್ಬರೇ ಬಲ್ಲರು, ಅದೂ ಆ ಗಳಿಗೆಯಲ್ಲಿ ಮಾತ್ರ.

ಕೊನೆಗೆ ದಾರಿಯನ್ನು ಕಂಡವರು ಅಜ್ಜಿ. ಐದು ದಿನಗಳಿಗೆ ಎಷ್ಟು ಮೇಜು ಎಂದು ಮೊದಲು ಕೇಳಿದರು. ಸೊಸೆಯ ಪಟ್ಟಿಯಲ್ಲಿ ಏಳಿದ್ದವು. "ಎರಡು ಸಾಕಲ್ಲವೇ? ಮಿಕ್ಕ ದಿನ ಕೈಯಲ್ಲೇ ಬುತ್ತಿ" ಎಂದರು. ಉದ್ಯಾನಗಳೊಳಗೆ ಸ್ವಂತಕ್ಕೆ ಬೇಕಾದ ಆಹಾರವನ್ನು ಒಯ್ಯಲು ಅವಕಾಶವಿದೆ. ಗಾಜಿನ ಪಾತ್ರೆ, ಮದ್ಯ, ಬಿಸಿಮಾಡಬೇಕಾದ ಪದಾರ್ಥಗಳು ಮಾತ್ರ ಕೂಡದು. ಎರಡೆಂದು ಗೊತ್ತಾದ ಮೇಲೆ ಆಯ್ಕೆ ತಾನಾಗಿ ಇಳಿಯಿತು. ಅರಮನೆಯ ಊಟವನ್ನು ಮಧ್ಯಾಹ್ನಕ್ಕೆ ಹಾಕಿದರು. ಎರಡನೆಯದು ಯಾವುದೆಂಬುದನ್ನು ಮೊಮ್ಮಗನಿಗೇ ಬಿಟ್ಟರು. ರಾತ್ರಿಯದೇ ಬೇಕೆಂದರೆ ರಾತ್ರಿಯದೇ ಆಗಲಿ ಎಂದು ಅಜ್ಜನೇ ಹೇಳಿದರು.

ಹುಡುಗನು ಬಹಳ ಹೊತ್ತು ಪಟ್ಟಿಯನ್ನು ನೋಡಿದನು. ಬಾಣಬಿರುಸು ಕೆಳಗಿನ ಬೀದಿಯಿಂದಲೂ ಕಾಣುತ್ತದೆಯೇ ಎಂದು ತಾಯಿಯನ್ನು ಕೇಳಿದನು. ಕಾಣುತ್ತದೆ, ನಿಂತು ನೋಡಬೇಕು, ಅದಕ್ಕೆ ಬೇರೆ ಹಣವಿಲ್ಲ ಎಂದು ಆಕೆ ಹೇಳಿದಳು. ಅವನು ಜಿರಾಫೆಗಳ ಕಿಟಕಿಯನ್ನು ತೋರಿಸಿ, ಹಗಲು ಎಷ್ಟು ಗಂಟೆಗೆ ಹೋದರೆ ಅಜ್ಜನೂ ತಿನ್ನಬಹುದು ಎಂದು ವಿಚಾರಿಸಿದನು. ಸೊಸೆಯು ಮಧ್ಯಾಹ್ನ ಮೂರು ಗಂಟೆಯ ಮೇಜನ್ನು ಹುಡುಕತೊಡಗಿದಳು. ಅಲ್ಲಿಯ ಉಪ್ಪಿನಕಾಯಿಗಳಲ್ಲಿ ಬೆಳ್ಳುಳ್ಳಿಯದೂ ಒಂದಿದೆಯೆಂದೂ ಅದನ್ನು ತಟ್ಟೆಯ ಬಳಿಗೆ ತರಬೇಡಿರೆಂದು ಮೊದಲೇ ಹೇಳಬೇಕೆಂದೂ ಅಜ್ಜಿ ನೆನಪಿಸಿದರು.