ಆಟ ಕಲಿಸುವವನ ಮನೋಭಾರ

ನಮ್ಮ ಕೊಡಗು ಸೀಮೆಯಲ್ಲಿ ಹಾಕಿ ಆಟವನ್ನರಿಯದ ಊರು ಅಪರೂಪ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವು ಬಹು ಪ್ರಸಿದ್ಧವಾಗಿದೆ. ಈ ಸೀಮೆಯ ಎಂ. ಪಿ. ಗಣೇಶರು 1973ರ ವಿಶ್ವಕಪ್ಪಿನಲ್ಲಿ ಭಾರತ ತಂಡದ ನಾಯಕರಾಗಿದ್ದು, ತರುವಾಯ ಅದರ ಶಿಕ್ಷಕರೂ ಆದರು. ಆಟಗಾರನ ನೋವನ್ನು ಜನರು ಕಾಣುತ್ತಾರೆ. ಗೆರೆಯ ಹೊರಗೆ ನಿಂತಿರುವ ಶಿಕ್ಷಕನ ಮನಸ್ಸನ್ನು ಯಾರು ವಿಚಾರಿಸುತ್ತಾರೆ?

ಅವನ ಸ್ಥಿತಿಯನ್ನು ಯೋಚಿಸಿರಿ. ಕೋಲು ಅವನ ಕೈಯಲ್ಲಿಲ್ಲ. ಆದರೂ ಸೋಲಿನ ಲೆಕ್ಕವು ಅವನ ಹೆಸರಿಗೆ ಬೀಳುತ್ತದೆ. 2008ರಲ್ಲಿ ಭಾರತವು ಒಲಿಂಪಿಕ್ ಹಾಕಿಗೆ ಅರ್ಹತೆ ಪಡೆಯದೆ ಹೋದಾಗ ಶಿಕ್ಷಕರಾದ ಜೋಕಿಂ ಕರ್ವಾಲೊರವರು ಪದವಿಯನ್ನು ಬಿಟ್ಟರು. ಆಸ್ಟ್ರೇಲಿಯದ ಗ್ರಹಾಮ್ ರೀಡರ ಶಿಕ್ಷಣದಲ್ಲಿ ತಂಡವು 2021ರಲ್ಲಿ, 41 ವರುಷಗಳ ಮೇಲೆ, ಒಲಿಂಪಿಕ್ ಪದಕವನ್ನು ಪಡೆದಾಗ ಎಲ್ಲರೂ ಅವರನ್ನು ಕೊಂಡಾಡಿದರು; 2023ರ ವಿಶ್ವಕಪ್ಪಿನಲ್ಲಿ ತಂಡವು ಒಂಬತ್ತನೆಯ ಸ್ಥಾನಕ್ಕಿಳಿದಾಗ ಅವರೂ ಪದವಿಯನ್ನು ಬಿಟ್ಟರು. ಗೆದ್ದೆತ್ತಿನ ಬಾಲ ಹಿಡಿಯುವವರು ಬಹಳ. ಸೋತವನ ಬಳಿಯಲ್ಲಿ ಕೂತುಕೊಳ್ಳುವವರು ಸ್ವಲ್ಪ.

ಹೊಣೆಯೇ ಬೇಡವೆನ್ನುವದು ನಮ್ಮ ಅಭಿಪ್ರಾಯವಲ್ಲ. ಆದರೆ ಕೆಲಸದ ಲೆಕ್ಕ ಬೇರೆ, ಮನುಷ್ಯನ ಬೆಲೆ ಬೇರೆ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ನಿದ್ರೆ ಕೆಡುವದು, ಮನೆಯವರೊಡನೆ ಮಾತು ಕಡಿಮೆಯಾಗುವದು, ಧೈರ್ಯಶಾಲಿಯೂ ಒಳಗೊಳಗೆ ಕುಗ್ಗುವನು. ಶಿಷ್ಯರಿಗೆ ಧೈರ್ಯ ಹೇಳತಕ್ಕವನಾದ ಕಾರಣ ತನ್ನ ವ್ಯಾಕುಲವನ್ನು ಹೇಳಿಕೊಳ್ಳಲು ಅವನು ನಾಚುತ್ತಾನೆ.

ಆದಕಾರಣ, ಪ್ರಿಯ ವಾಚಕರೇ, ನಿಮ್ಮೂರ ಹುಡುಗರಿಗೆ ಆಟ ಕಲಿಸುವವನು ಸೋತು ಬಂದ ಸಂಜೆ, ಎಷ್ಟು ಗೋಲು ಎಂದು ಕೇಳುವದಕ್ಕೆ ಮುಂಚೆ ಊಟವಾಯಿತೇ ಎಂದು ಕೇಳಿರಿ. ಭಾರವು ಹೆಚ್ಚಾದರೆ ವೈದ್ಯರ ಬಳಿಗೆ ಅವನ ಜೊತೆಯಲ್ಲಿ ಹೋಗಿರಿ. ಮುರಿದ ಕಾಲಿಗೆ ವೈದ್ಯರನ್ನು ಹುಡುಕುವ ನಾವು ನೊಂದ ಮನಸ್ಸಿಗೆ ಹುಡುಕಲು ಯಾಕೆ ನಾಚಬೇಕು?