ಕೈಗಡಿಯಾರವೂ ಆಪ್ತವಾಕ್ಯವೂ

ಬ್ಯಾಟರಿಯ ನೆರವಿಲ್ಲದೆ, ದಿನವೂ ಚಾವಿ ಕೊಡುವ ಅಗತ್ಯವೂ ಇಲ್ಲದೆ, ಧರಿಸಿದವರ ಕೈಚಲನೆಯಿಂದಲೇ ನಡೆಯುವ ಆಟೋಮ್ಯಾಟಿಕ್ ಕೈಗಡಿಯಾರವನ್ನು ಎಲ್ಲಿ ಕೊಳ್ಳಬೇಕೆಂದು ನಿರ್ಧರಿಸುವಾಗ ಕೊಳ್ಳುವವರು ಸಾಮಾನ್ಯವಾಗಿ ಬೆಲೆಯನ್ನು ಹೋಲಿಸುತ್ತಾರೆ; ಆದರೆ ಅವರು ವಾಸ್ತವವಾಗಿ ಎದುರಿಸುತ್ತಿರುವುದು ಭಾರತೀಯ ದರ್ಶನಗಳು ಶತಮಾನಗಳ ಕಾಲ ವಾದಿಸಿದ ಪ್ರಮಾಣದ ಪ್ರಶ್ನೆಯನ್ನು. ಪ್ರಮಾಣವೆಂದರೆ ಯಥಾರ್ಥವಾದ ಅರಿವಿಗೆ ಸಾಧನವಾದದ್ದು. ಇಂದ್ರಿಯಗಳಿಂದ ನೇರವಾಗಿ ತಿಳಿಯುವುದು ಪ್ರತ್ಯಕ್ಷ, ಕುರುಹಿನಿಂದ ಊಹಿಸಿ ತಿಳಿಯುವುದು ಅನುಮಾನ, ನಂಬಲು ಯೋಗ್ಯರಾದವರ ಮಾತಿನಿಂದ ತಿಳಿಯುವುದು ಶಬ್ದ. ಗಡಿಯಾರದ ಒಳಗನ್ನು ಕೊಳ್ಳುವವರು ನೋಡಲಾರರು, ನೋಡಿದರೂ ಅಳೆಯಲಾರರು. ಆದ್ದರಿಂದ ಅವರ ನಿರ್ಧಾರ ಕೊನೆಗೆ ಶಬ್ದಪ್ರಮಾಣದ ಮೇಲೆಯೇ, ಅಂದರೆ ಯಾರ ಮಾತನ್ನು ನಂಬಬೇಕೆಂಬುದರ ಮೇಲೆಯೇ ನಿಲ್ಲುತ್ತದೆ.

ಇಂಥ ಗಡಿಯಾರದ ಹಿಂಬದಿಯ ಮುಚ್ಚಳವನ್ನು ತೆಗೆದರೆ ಅರ್ಧಚಂದ್ರಾಕಾರದ ಲೋಹದ ತೂಕವೊಂದು ಕಾಣುತ್ತದೆ. ರೋಟರ್ ಎಂದು ಕರೆಯಲಾಗುವ ಈ ತೂಕ ಕೈ ಆಡಿದಂತೆಲ್ಲ ತಿರುಗುತ್ತ ಮುಖ್ಯ ಸ್ಪ್ರಿಂಗನ್ನು ಬಿಗಿಗೊಳಿಸುತ್ತದೆ, ಆ ಸ್ಪ್ರಿಂಗ್ ಸಡಿಲಗೊಳ್ಳುವಾಗ ಹೊಮ್ಮುವ ಬಲವನ್ನು ಹಲ್ಲುಚಕ್ರಗಳು ಬ್ಯಾಲೆನ್ಸ್ ವೀಲ್‌ಗೆ ಒಯ್ಯುತ್ತವೆ, ಕೂದಲೆಳೆಯಷ್ಟು ತೆಳುವಾದ ಸುರುಳಿಯ ಹಿಡಿತದಲ್ಲಿರುವ ಆ ಚಕ್ರ ಸಾಮಾನ್ಯವಾಗಿ ಗಂಟೆಗೆ 21,600 ಅಥವಾ 28,800 ಸಲ ಅತ್ತಿತ್ತ ಹೊರಳುತ್ತದೆ. ಕಳಚಿಟ್ಟರೆ ಸುಮಾರು 40 ಗಂಟೆಗಳಲ್ಲಿ ಅದು ನಿಲ್ಲುತ್ತದೆ. ನಡೆಯುವಾಗಲೂ ದಿನಕ್ಕೆ ಕೆಲವು ಸೆಕೆಂಡುಗಳ ಏರುಪೇರು ಸಹಜ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಷ್ಟವಿದೆ. ಚಾವಿಯ ಬುಡದ ರಬ್ಬರ್ ವಾಷರ್ ಸವೆದಿದ್ದರೆ ಆಷಾಢದ ಜಡಿಮಳೆಯಲ್ಲಿ ಗಾಜಿನ ಒಳಬದಿಗೆ ಹಬೆ ಕಟ್ಟುತ್ತದೆ. ಬಿಸಿಲು ಬಂದಾಗ ಅದು ಆರಿಹೋದಂತೆ ಕಂಡರೂ ಚಾವಿಯ ಕಡ್ಡಿಯ ಮೇಲೆ ಕಂದುಬಣ್ಣದ ತುಕ್ಕಿನ ಗೆರೆ ಉಳಿದಿರುತ್ತದೆ, ಅದು ಕಾಣುವುದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಂತ್ರವನ್ನು ಬಿಚ್ಚಿದವನಿಗೆ ಮಾತ್ರ.

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಿವಾಸಿಗೆ ಕೊಳ್ಳುವ ದಾರಿಗಳು ಹಲವಿವೆ: ಪೇಟೆಯ ಸಣ್ಣ ವಾಚಿನಂಗಡಿ, ಶಿವಮೊಗ್ಗ ಅಥವಾ ಚಿಕ್ಕಮಗಳೂರಿನ ಶೋರೂಮು, ಶೃಂಗೇರಿಯಿಂದ 300 ಕಿಲೋಮೀಟರಿಗೂ ದೂರದ ಬೆಂಗಳೂರು, ಅಥವಾ ಅಂಚೆಯಲ್ಲಿ ಮನೆಬಾಗಿಲಿಗೆ ಬರುವ ಆನ್‌ಲೈನ್ ಖರೀದಿ. ಇವುಗಳಲ್ಲಿ ಯಾವುದು ಸರಿಯೆಂದು ತೂಗಲು ಬೇಕಾದ ಅಳತೆಗೋಲು ಈ ನೆಲದ ಶಾಸ್ತ್ರಪರಂಪರೆಯಲ್ಲಿಯೇ ಸಿದ್ಧವಿದೆ. ಶೃಂಗೇರಿಯಲ್ಲಿ ವರ್ಷವರ್ಷವೂ ಗಣೇಶ ಚತುರ್ಥಿಯ ಸಂದರ್ಭದಲ್ಲಿ ಕೂಡುವ ವಿದ್ವತ್ಸಭೆಯಲ್ಲಿ ನ್ಯಾಯ, ಮೀಮಾಂಸೆ, ವ್ಯಾಕರಣ, ವೇದಾಂತಗಳ ವಾಕ್ಯಾರ್ಥ ನಡೆಯುತ್ತದೆ, ಅಂದರೆ ಶಾಸ್ತ್ರದ ಒಂದು ವಿಷಯವನ್ನು ಹಿಡಿದು ಎದುರಾಳಿಯ ವಾದವಾದ ಪೂರ್ವಪಕ್ಷ, ಅದಕ್ಕೆ ಉತ್ತರವಾದ ಸಿದ್ಧಾಂತ ಇವುಗಳ ಮೂಲಕ ವಾದಿಸಲಾಗುತ್ತದೆ. ನ್ಯಾಯಸೂತ್ರಕಾರನಾದ ಗೌತಮನು ಆಪ್ತನ ಉಪದೇಶವೇ ಶಬ್ದಪ್ರಮಾಣವೆಂದನು; ಭಾಷ್ಯಕಾರ ವಾತ್ಸ್ಯಾಯನನು ಆಪ್ತನ ಲಕ್ಷಣವನ್ನು ಬಿಡಿಸಿ, ವಿಷಯವನ್ನು ತಾನೇ ಸಾಕ್ಷಾತ್ತಾಗಿ ಅರಿತಿರುವವನು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ವಿವರಿಸಿದನು. ಅದಕ್ಕಿಂತ ದೊಡ್ಡ ಮಾತೆಂದರೆ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸಿದ್ದು. ಆಪ್ತತ್ವ ಕುಲದಿಂದಲೂ ಪದವಿಯಿಂದಲೂ ಬರುವುದಿಲ್ಲ. ಮೂವತ್ತು ವರ್ಷ ಗಡಿಯಾರಗಳನ್ನು ಬಿಚ್ಚಿ ಜೋಡಿಸಿದ, ತೇವ ಯಾವ ಸಂದಿಯಿಂದ ನುಗ್ಗುತ್ತದೆಂದು ಬೆರಳಿನಿಂದಲೇ ಬಲ್ಲ ರಿಪೇರಿಗಾರನು ಈ ವಿಷಯದಲ್ಲಿ ಆಪ್ತ. ಬಿಚ್ಚಿ ನೋಡದೆಯೇ ಹೊಗಳುವ ಮಾರಾಟಗಾರ, ಎಷ್ಟೇ ಓದಿದ್ದರೂ, ಆಪ್ತನಲ್ಲ. ಆದರೆ ಅರಿತಿದ್ದೂ ಲಾಭಕ್ಕಾಗಿ ಮರೆಮಾಚುವವನಲ್ಲಿ ಎರಡನೆಯ ಲಕ್ಷಣವಿರುವುದಿಲ್ಲ, ಅವನು ಊರಿನವನೇ ಆಗಿದ್ದರೂ ಆಪ್ತನಾಗಲಾರ.

ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಸನ್ನಿಧಿಯೂ ದಿಗಂಬರ ಜೈನರ ಮಠವೂ ಇವೆ. ಆ ದಿಗಂಬರ ಪರಂಪರೆಯ ಆಚಾರ್ಯ ಸಮಂತಭದ್ರರ ‘ಆಪ್ತಮೀಮಾಂಸೆ’ ಎಂಬ ಗ್ರಂಥ ಇದೇ ಆಪ್ತನ ಪರೀಕ್ಷೆಗೆ ಮೀಸಲಾದದ್ದು. ದೇವತೆಗಳು ಬಂದಿಳಿಯುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರವೇ ಮೊದಲಾದ ವೈಭವ ಇವೆಲ್ಲ ಇಂದ್ರಜಾಲಿಗರಲ್ಲಿಯೂ ಕಾಣುವುದರಿಂದ ಇವುಗಳ ಬಲದಿಂದ ಯಾರೂ ಪೂಜ್ಯರಾಗುವುದಿಲ್ಲವೆಂದು ಆಚಾರ್ಯರು ತಮ್ಮ ಆರಾಧ್ಯನಾದ ಜಿನನನ್ನೇ ಸಂಬೋಧಿಸಿ ಆರಂಭಿಸುತ್ತಾರೆ. ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ಮಾತು ಯಾರದೋ ಅವನೇ ಆಪ್ತನೆಂಬುದು ಅವರ ನಿರ್ಣಯ. ತಾನು ನಮಿಸುವ ದೇವರನ್ನೂ ಪರೀಕ್ಷೆಗೆ ನಿಲ್ಲಿಸಿದ ಈ ಧೈರ್ಯದ ಮುಂದೆ ಶೋರೂಮಿನ ಗಾಜಿನ ಕಪಾಟು, ಚಲನಚಿತ್ರ ನಟರ ಜಾಹೀರಾತು, ಪರದೆಯ ಮೇಲಿನ ನಕ್ಷತ್ರಗಳ ಸಾಲು ಇವುಗಳಿಗೆ ಪ್ರಮಾಣದ ಸ್ಥಾನ ಕೊಡುವುದು ತೀರ ಅನುಚಿತ.

ಶ್ರಾವಕನ, ಎಂದರೆ ಗೃಹಸ್ಥ ಜೈನನ, ಅಚೌರ್ಯವ್ರತಕ್ಕೆ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ ಐದು ಅತಿಚಾರಗಳನ್ನು, ಅಂದರೆ ವ್ರತವನ್ನು ಮಲಿನಗೊಳಿಸುವ ತಪ್ಪುಗಳನ್ನು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ಮಾಲನ್ನು ಪಡೆಯುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದು, ತೂಕ ಅಳತೆಗಳಲ್ಲಿ ಮೋಸ ಮಾಡುವುದು, ಅಸಲಿನಂತೆ ತೋರುವ ನಕಲಿಯ ವ್ಯವಹಾರ ನಡೆಸುವುದು. ಈ ಪಟ್ಟಿ ಗಡಿಯಾರದ ಪೇಟೆಗೆ ಅನ್ವಯಿಸುವಷ್ಟು ನೇರವಾಗಿ ಬೇರೆ ಸರಕಿಗೆ ಅನ್ವಯಿಸುವುದು ಅಪರೂಪ. 1991ರ ಆರ್ಥಿಕ ಉದಾರೀಕರಣಕ್ಕೆ ಮೊದಲು ಭಾರತದಲ್ಲಿ ವಿದೇಶಿ ಕೈಗಡಿಯಾರಗಳು ಕಳ್ಳಸಾಗಣೆಯ ಮುಖ್ಯ ಸರಕುಗಳಲ್ಲೊಂದಾಗಿದ್ದವು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, ಚಾವಿ ಕೊಡುವ ‘ಜನತಾ’ದ ಜೊತೆಗೆ ‘ಕಾಂಚನ್’ನಂಥ ಆಟೋಮ್ಯಾಟಿಕ್ ವಾಚುಗಳನ್ನೂ ಮಧ್ಯಮವರ್ಗದ ಮನೆಗಳಿಗೆ ತಲುಪಿಸಿತು. ಎಚ್‌ಎಂಟಿಯ ವಾಚ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೇಲೆ ಆ ಹಳೆಯ ವಾಚುಗಳಿಗೆ ಬೇಡಿಕೆ ಏರಿತು. ಅದರೊಂದಿಗೆ ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿದು, ಒಂದರ ಯಂತ್ರವನ್ನು ಮತ್ತೊಂದರ ಕವಚಕ್ಕೆ ಕೂರಿಸಿ, ಹೊಸದೆಂದು ಮಾರುವ ಚಾಳಿಯೂ ಬೆಳೆಯಿತು. ನಕಲಿಯೆಂದು ತಿಳಿದೂ ಅಗ್ಗವೆಂಬ ಕಾರಣಕ್ಕೆ ಅದನ್ನು ಕೊಳ್ಳುವವನು ಮೋಸಹೋದವನಲ್ಲ, ಮೋಸದಲ್ಲಿ ಪಾಲುದಾರ.

ಹಾಗೆಂದು ಎಲ್ಲವನ್ನೂ ಶಂಕಿಸುತ್ತ ಕೂತರೆ ಏನನ್ನೂ ಕೊಳ್ಳಲಾಗದು. ಅರಿವಿನ ಪ್ರಾಮಾಣ್ಯ ಬೇರೊಂದು ಸಾಧನದಿಂದ, ಮುಖ್ಯವಾಗಿ ಅದನ್ನು ನಂಬಿ ಕೈಗೊಂಡ ಪ್ರವೃತ್ತಿ ಸಫಲವಾಗುವುದರಿಂದ ತಿಳಿಯಬೇಕೆಂಬ ನೈಯಾಯಿಕರ ವಾದಕ್ಕೆ ಪರತಃಪ್ರಾಮಾಣ್ಯವೆಂದು ಹೆಸರು. ಅರಿವು ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ, ಕಾರಣದಲ್ಲಿ ದೋಷವೋ ಎದುರಾದ ಬಾಧಕಜ್ಞಾನವೋ ಕಂಡಾಗ ಮಾತ್ರ ಅದನ್ನು ಬಿಡಬೇಕೆಂಬ ಮೀಮಾಂಸಕರ ಮತಕ್ಕೆ ಸ್ವತಃಪ್ರಾಮಾಣ್ಯವೆಂದು ಹೆಸರು, ಶೃಂಗೇರಿ ಮಠದ ಅದ್ವೈತವೂ ಅದನ್ನೇ ಒಪ್ಪುತ್ತದೆ. ನೈಯಾಯಿಕರ ಒರೆಗಲ್ಲು ಇಲ್ಲಿ ತಡವಾಗಿ ಒದಗುತ್ತದೆ, ಏಕೆಂದರೆ ಮಾರಿದವನ ಮಾತಿನ ಸತ್ಯ ಎರಡು ಮಳೆಗಾಲ ಕಳೆದ ಮೇಲೆ ತಿಳಿಯುತ್ತದೆ. ಕೊಳ್ಳುವ ಹೊತ್ತಿಗೆ ಉಪಯೋಗಕ್ಕೆ ಬರುವುದು ಎರಡನೆಯದು: ಮೊದಲು ನಂಬಿಕೆ, ದೋಷ ಕಂಡಲ್ಲಿ ಹಿಂದೆಗೆತ. ಉಳಿದ ಕಡೆಗಿಂತ ಅರ್ಧ ಬೆಲೆ, ಮುದ್ರೆಯಿಲ್ಲದ ವಾರಂಟಿ ಚೀಟಿ, ರಸೀದಿ ಕೊಡಲು ಹಿಂಜರಿಕೆ ಇವು ಕಾರಣದೋಷಗಳು. ಅಂಗಡಿ ಚಿಕ್ಕದೆಂಬುದು ದೋಷವಲ್ಲ.

ಊರಿನ ಅಂಗಡಿಯಲ್ಲಿ ಗಂಟೆಗಟ್ಟಲೆ ವಿಚಾರಿಸಿ, ಕೈಗೆ ಕಟ್ಟಿ ನೋಡಿ, ಬಳಿಕ ಕೆಲವು ನೂರು ರೂಪಾಯಿ ಉಳಿಸಲು ಬೇರೆಡೆ ಕೊಳ್ಳುವುದು ಚೌರ್ಯವೇ ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಚೌರ್ಯ. ಅಂಗಡಿಯಾತ ತಿಳಿವಳಿಕೆಯನ್ನು ತಾನಾಗಿಯೇ ಕೊಟ್ಟದ್ದರಿಂದ ಕಟ್ಟುನಿಟ್ಟಾದ ಅರ್ಥದಲ್ಲಿ ಇದು ಚೌರ್ಯವಲ್ಲ. ಆದರೂ ಋಣವಂತೂ ಹೌದು, ಅದನ್ನು ತೀರಿಸದೆ ಬಿಡುವುದು ಧರ್ಮವಲ್ಲ. ಆದ್ದರಿಂದ ವಾಚನ್ನು ಮುಂದೆ ಬಿಚ್ಚಿ ಎಣ್ಣೆ ಹಾಕಿ ಸರಿಪಡಿಸಬಲ್ಲವರು ತಮ್ಮ ಪೇಟೆಯಲ್ಲಿದ್ದರೆ ಅವರಲ್ಲಿಯೇ, ಅಥವಾ ಅವರು ಹೇಳಿದಲ್ಲಿ, ಕೊಳ್ಳುವುದು ಯುಕ್ತ. ಅಂಥವರು ಇಲ್ಲದಿದ್ದರೆ ತಯಾರಕರ ಅಧಿಕೃತ ಮಾರಾಟಗಾರರಲ್ಲಿ ರಸೀದಿ ಪಡೆದು ಕೊಳ್ಳಬೇಕು. ಎಲ್ಲಿ ಕೊಂಡರೂ, ಸಲಹೆ ಕೊಟ್ಟ ರಿಪೇರಿಗಾರನಿಗೆ ಅವನ ಸಮಯದ ಬೆಲೆಯನ್ನು ಕೊಟ್ಟೇ ಬರಬೇಕು.