ಮಂತ್ರಕ್ಕೆ ಮಣಿಯದವರು

ಗೋವೆಯ ಉಳಿದೂರುಗಳಲ್ಲಿರುವಂತೆಯೇ ನಮ್ಮ ಕುಡಚಡೆಯಲ್ಲಿಯೂ ನರಕ ಚತುರ್ದಶಿಯ ಹಿಂದಿನ ರಾತ್ರಿ ತರುಣರಿಗೆ ನಿದ್ರೆಯಿಲ್ಲ. ಹುಲ್ಲು ಕಾಗದಗಳನ್ನು ತುಂಬಿ, ಕೋರೆಹಲ್ಲು ಕೆಂಗಣ್ಣುಗಳನ್ನಿಟ್ಟು, ಮನೆಯ ಮಾಡಿಗಿಂತಲೂ ಎತ್ತರವಾದ ನರಕಾಸುರನನ್ನು ನಿಲ್ಲಿಸುತ್ತಾರೆ. ಇರುಳೆಲ್ಲ ಮೆರೆಸಿ, ಸೂರ್ಯೋದಯಕ್ಕೆ ಮುನ್ನ ಸುಡುತ್ತಾರೆ. ದುಡಿಮೆಗಾಗಿ ಕನ್ನಡ ನಾಡಿನಿಂದ ಬಂದು ನೆಲೆಸಿದ ಮನೆಗಳ ಮಕ್ಕಳಿಗೆ ಇದು ಹೊಸ ನೋಟ. ಅವರ ಅಜ್ಜಿಯರ ಊರಿನಲ್ಲಿ ಆ ಹೊತ್ತು ಹಂಡೆ ತೊಳೆದು ನೀರು ತುಂಬುವ, ನಸುಕಿನಲ್ಲೆದ್ದು ಎಣ್ಣೆ ಹಚ್ಚಿಕೊಳ್ಳುವ ಹೊತ್ತು. ಸುಡುವ ರಾಕ್ಷಸನನ್ನು ಕಂಡ ಮಗು ಮರುದಿನ ಶಾಲೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: “ಅವನು ಅಷ್ಟು ದೊಡ್ಡವನಾಗಿದ್ದರೆ ಸತ್ತದ್ದು ಹೇಗೆ?” ಪ್ರಶ್ನೆ ಸಣ್ಣದಲ್ಲ.

ಇದೇ ಪ್ರಶ್ನೆಯನ್ನು ಕಡಲಾಚೆಯವರು ಆಟವನ್ನಾಗಿ ಮಾಡಿಕೊಂಡಿದ್ದಾರೆ. ಅಮೆರಿಕೆಯಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆ ನಡೆಸುವನು, ಉಳಿದವರು ಒಂದೊಂದು ಪಾತ್ರವಾಗುವರು. ಗೆಲವು ಸೋಲನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುವುದು. ನಮ್ಮ ಪಗಡೆಗೆ ತಾಳಮದ್ದಳೆಯ ಅರ್ಥಗಾರಿಕೆಯನ್ನು ಕೂಡಿಸಿದರೆ ಹೇಗೋ ಹಾಗೆ ಎಂದು ವಾಚಕರು ಊಹಿಸಿಕೊಳ್ಳಬಹುದು. ಆ ಆಟದ ಪಿಶಾಚ ವರ್ಗದ ಅನೇಕರಿಗೆ ಮಾಂತ್ರಿಕನ ಮಂತ್ರ ಸುಲಭವಾಗಿ ತಟ್ಟದು. 2014ರ ನಿಯಮದಂತೆ, ಮಂತ್ರದಿಂದ ತಪ್ಪಿಸಿಕೊಳ್ಳಲು ಅಂಥವನು ದಾಳವನ್ನು ಎರಡು ಸಲ ಉರುಳಿಸಿ ಮೇಲಾದುದನ್ನು ಆರಿಸಿಕೊಳ್ಳಬಹುದು. ನಮಗೆ ಅಚ್ಚರಿಯಾದುದು ಬೇರೆ: ಅವರ ನಡುವೆ ನಮ್ಮ ರಾಕ್ಷಸನೂ ಇದ್ದಾನೆ! 1975ರಿಂದ ಅದೇ ಹೆಸರಿನಿಂದ ಇದ್ದಾನೆ. ಹುಲಿಯ ಮುಖ, ಹಿಂದುಮುಂದಾದ ಅಂಗೈ. ಮಂತ್ರಗಳಲ್ಲಿ ಒಂಬತ್ತು ಹಂತಗಳಿದ್ದು, ಅದೇ 2014ರ ನಿಯಮದಲ್ಲಿ ಆರನೆಯ ಹಂತದವರೆಗಿನದು ಯಾವುದೂ ಅವನ ಇಚ್ಛೆಯಿಲ್ಲದೆ ಅವನಿಗೆ ತಾಗುತ್ತಿರಲಿಲ್ಲ. ಆದರೆ ಸಜ್ಜನನು ಹಿಡಿದ, ಮಂತ್ರಶಕ್ತಿಯುಳ್ಳ ಚೂಪಾದ ಆಯುಧವು ಅವನನ್ನು ಬಲವಾಗಿ ಘಾತಿಸುತ್ತಿತ್ತು.

ಇದು ಸೊಗಸಾದ ಕಲ್ಪನೆಯೇ. ಆದರೂ ನಮ್ಮ ಪುರಾಣಕಾರರು ರಾಕ್ಷಸನ ರಂಧ್ರವನ್ನು ಇಟ್ಟ ಸ್ಥಳ ಇದಲ್ಲ. ರಾವಣನು ದೇವ, ದಾನವ, ಯಕ್ಷರಿಂದ ಸಾವು ಬೇಡವೆಂದನು, ಮನುಷ್ಯರನ್ನು ಹೆಸರಿಸಲಿಲ್ಲ. ಮಹಿಷನು ಹೆಂಗಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನರಕಾಸುರನ ವಿಷಯದಲ್ಲಿ ಜನರು ಹೇಳುವ ಕಥೆಯಲ್ಲಿ ಅವನಿಗೆ ತಾಯಿಯ ಕೈಯಿಂದಲ್ಲದೆ ಸಾವಿಲ್ಲ. ಭೂದೇವಿಯ ಅಂಶವಾದ ಸತ್ಯಭಾಮೆ ರಣಕ್ಕೆ ಬಂದಳು. ಹಿರಣ್ಯಕಶಿಪುವಿನ ವರವಂತೂ ವಕೀಲನು ಬರೆದ ಕರಾರುಪತ್ರದಂತಿದೆ: ಒಳಗಲ್ಲ, ಹೊರಗಲ್ಲ, ಹಗಲಲ್ಲ, ಇರುಳಲ್ಲ. ಒಬ್ಬನು ಬೇಡಿದ ವರದಲ್ಲಿ ಅವನ ಭಯದ ಪಟ್ಟಿಯಿದೆ, ಬೇಡದೆ ಬಿಟ್ಟುದರಲ್ಲಿ ಅವನ ತಿರಸ್ಕಾರದ ಪಟ್ಟಿಯಿದೆ. ರಾವಣನೂ ಮಹಿಷನೂ ಸತ್ತುದು ಈ ಎರಡನೆಯ ಪಟ್ಟಿಯಿಂದ.

ಆಟದ ನಿಯಮವು ನಮ್ಮನ್ನು ಇನ್ನೊಂದು ಕಡೆ ತೊಡಕಿಗೆ ಸಿಲುಕಿಸುತ್ತದೆ. ಸಜ್ಜನನ ಕೈ ಎಂದರು, ಸರಿ, ಸಜ್ಜನನಾರು? ಆಡುವವನು ಆಟಕ್ಕೆ ಮೊದಲೇ ತನ್ನ ಪಾತ್ರದ ಹಾಳೆಯಲ್ಲಿ ‘ಒಳ್ಳೆಯವನು’ ಎಂದು ತಾನೇ ಬರೆದುಕೊಂಡಿರುತ್ತಾನೆ. ರಾಕ್ಷಸನ ಹೆಸರಿನ ಮುಂದೆ ‘ಕೆಟ್ಟವನು’ ಎಂದು ಪುಸ್ತಕದಲ್ಲಿಯೇ ಅಚ್ಚಾಗಿದೆ. ಆಟಕ್ಕೆ ಇಷ್ಟು ಸಾಕು. ಆದರೆ ಹಾಜರಿ ಪುಸ್ತಕವನ್ನು ಹಿಡಿದ ನಮ್ಮಂಥವರಿಗೆ ಇದು ಬಲು ಪರಿಚಿತವಾದ ಅಪಾಯ. ‘ಆ ಹುಡುಗ ರಾಕ್ಷಸ’ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಎಷ್ಟು ಸಲೀಸಾಗಿ ಹೊರಡುತ್ತದೆ! ಬೈದರೆ ಬಗ್ಗುವುದಿಲ್ಲ, ಹೊಗಳಿದರೆ ಉಬ್ಬುವುದಿಲ್ಲ, ಒಂದು ಮಂತ್ರವೂ ತಾಗುವುದಿಲ್ಲ ಎಂಬುದೇ ಅವನ ಮೇಲಿನ ದೂರು. ತಾಗದಿರುವುದು ದುಷ್ಟತನದ ಲಕ್ಷಣವೇ?

ದೀಪಾವಳಿಯೇ ಹೌದೆಂದು ಹೇಳುವುದಿಲ್ಲ. ಚತುರ್ದಶಿಯಂದು ಒಬ್ಬ ಅಸುರನನ್ನು ಸುಟ್ಟ ನಾಡು, ಪಾಡ್ಯದಂದು ಇನ್ನೊಬ್ಬ ಅಸುರನಾದ ಬಲಿಯನ್ನು ಪೂಜಿಸುತ್ತದೆ. ತುಳುನಾಡಿನಲ್ಲಿ ಬಲಿಯೇಂದ್ರನನ್ನು ದೀಪವಿಟ್ಟು ಕೂಗಿ ಕರೆಯುತ್ತಾರೆ. ಕುಲ ಒಂದೇ. ಆ ಬಲಿಯ ಅಜ್ಜನೇ ಪ್ರಹ್ಲಾದ. ಪುರಾಣಗಳಲ್ಲಿ ಮಂತ್ರಕ್ಕೆ ಮಣಿಯದ ಅಸುರನೊಬ್ಬನನ್ನು ಹೆಸರಿಸಿ ಎಂದು ಯಾರಾದರೂ ಕೇಳಿದರೆ ನಾವು ಮೊದಲು ಹೇಳುವುದು ಈ ಶಾಲಾಬಾಲಕನ ಹೆಸರನ್ನೇ.

ಅವನಿಗೆ ವರವಿರಲಿಲ್ಲ ಎಂಬುದನ್ನು ಗಮನಿಸಬೇಕು. ಏನನ್ನೂ ಬೇಡದಿದ್ದವನಿಗೆ ಪಟ್ಟಿಯೂ ಇಲ್ಲ, ಪಟ್ಟಿಯಲ್ಲಿ ಬಿಟ್ಟುಹೋದುದೂ ಇಲ್ಲ. ವಿಷ ತಾಗಲಿಲ್ಲ, ಬೆಂಕಿ ತಾಗಲಿಲ್ಲ, ಶಂಬರನ ಮಾಯೆ ನಡೆಯಲಿಲ್ಲ. ತಂದೆಗೂ ಮಗನಿಗೂ ಇದ್ದುದು ಹೊರನೋಟಕ್ಕೆ ಒಂದೇ ಬಗೆಯ ಅಭೇದ್ಯತೆ. ಒಂದು ತನ್ನನ್ನು ಕಾಯಲು ಬೇಡಿ ಪಡೆದುದು, ಇನ್ನೊಂದು ತನಗಿಂತ ಹಿರಿದೊಂದನ್ನು ಬಿಟ್ಟುಕೊಡಲು ಒಲ್ಲದೆ ಬಂದುದು. ದಾಳಕ್ಕೆ ಈ ಭೇದ ತಿಳಿಯದು.

ಉಪಾಧ್ಯಾಯ ಬಂಧುಗಳು ನೆನೆಯಬೇಕಾದ ಇನ್ನಿಬ್ಬರಿದ್ದಾರೆ: ಶುಕ್ರಾಚಾರ್ಯರ ಮಕ್ಕಳಾದ ಶಂಡ ಮತ್ತು ಅಮರ್ಕರು. ನಮ್ಮ ವೃತ್ತಿಯವರಾದ ಇವರನ್ನು ಕೇವಲ ಹಾಸ್ಯಪಾತ್ರಗಳೆಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಮೇಲಿನಿಂದ ಅರಸನ ಅಪ್ಪಣೆ, ಮುಂದೆ ಬಗ್ಗದ ಶಿಷ್ಯ. ಸಾಮ ದಾನ ಭೇದ ದಂಡಗಳನ್ನು ಕಲಿಸಿದರು. ಅವನು ಎಲ್ಲವನ್ನೂ ಕಲಿತನು, ಯಾವುದನ್ನೂ ಮೆಚ್ಚಲಿಲ್ಲ. ಅವರು ಮನೆಗೆಲಸಕ್ಕೆ ಹೋದ ಬಿಡುವಿನಲ್ಲಿ ಉಳಿದ ಹುಡುಗರಿಗೂ ತನ್ನ ಪಾಠವನ್ನೇ ಹೇಳಿದನು. ಕೊನೆಗೆ, ವಿಷ್ಣುಪುರಾಣದಂತೆ, ರಾಜಪುರೋಹಿತರು ಮಂತ್ರದಿಂದ ಕೃತ್ಯೆಯೊಂದನ್ನು ಹುಟ್ಟಿಸಿ ಆ ಹುಡುಗನ ಮೇಲೆ ಬಿಟ್ಟರು. ಅವಳ ಶೂಲ ಅವನ ಎದೆಗೆ ತಾಗಿ ಪುಡಿಯಾಯಿತು. ಕೃತ್ಯೆ ತಿರುಗಿ, ತನ್ನನ್ನು ಹುಟ್ಟಿಸಿದವರನ್ನೇ ಸುಟ್ಟಳು.

ಆಟವಾಗಿದ್ದರೆ ಇಲ್ಲಿಗೆ ಎಣಿಕೆ ಮುಗಿಯುತ್ತಿತ್ತು. ಪುರಾಣದಲ್ಲಿ ಹುಡುಗನು ಬೆಂದವರ ಕಡೆಗೆ ಓಡುತ್ತಾನೆ. ವಿಷವಿಟ್ಟವರಲ್ಲಿಯೂ ಬೆಂಕಿಯಿಟ್ಟವರಲ್ಲಿಯೂ ತಾನು ಹಗೆತನವನ್ನು ಎಣಿಸದೆ ಇದ್ದುದು ನಿಜವಾದರೆ ಇವರು ಬದುಕಲಿ ಎಂದು ಬೇಡುತ್ತಾನೆ. ಅವರು ಎದ್ದರು, ಶಿಷ್ಯನನ್ನು ಹರಸಿದರು, ಬಳಿಕ ಅರಸನಲ್ಲಿಗೆ ಹೋಗಿ, ನಡೆದುದನ್ನು ನಡೆದಂತೆಯೇ ಅರುಹಿದರು.